ಕೋಳಿ ಆಟದ ವೇಗ

ನಮ್ಮ ಗೋದಾಮಿನಲ್ಲಿ ನನ್ನ ಹುದ್ದೆಗೆ ಉದ್ದನೆಯ ಹೆಸರಿದೆ. ಕೆಲಸ ಮಾತ್ರ ಚಿಕ್ಕದು: ಕಂಪ್ಯೂಟರ್ ಕೆಟ್ಟರೆ ಆರಿಸಿ ಮತ್ತೆ ಹಾಕುವುದು, ಅದಕ್ಕೂ ಬಗ್ಗದಿದ್ದರೆ ಗಂಭೀರ ಮುಖ ಮಾಡಿಕೊಂಡು ಪಕ್ಕದಲ್ಲಿ ನಿಲ್ಲುವುದು. ಇದನ್ನು ಕೊಡಿಸಿದವನು ಅಲ್ಲಿಯ ಕ್ರೇನ್ ಆಪರೇಟರ್, ನನ್ನ ಸೋದರಮಾವ. ಲಾರಿ ಗಾತ್ರದ ಕಬ್ಬಿಣದ ಪೆಟ್ಟಿಗೆಗಳನ್ನು ಎತ್ತಿ, ಕೆಳಗೆ ಓಡಾಡುವವರ ತಲೆಯ ಮೇಲಿಂದ ಸಾಗಿಸಿ, ಹೂವಿಟ್ಟ ಹಾಗೆ ಇಳಿಸುತ್ತಾನೆ. ಇಳಿಸುತ್ತಿದ್ದ.

ಅವನ ಬಲಗೈ ಒಮ್ಮೊಮ್ಮೆ ನಡುಗುತ್ತದೆ ಎಂಬುದು ಮನೆಯಲ್ಲಿ ಅತ್ತೆಗೆ, ಗೋದಾಮಿನಲ್ಲಿ ನನಗೆ ಮಾತ್ರ ಗೊತ್ತಿತ್ತು. ನರದ ತೊಂದರೆ, ಕೆಲವು ದಿನ ಚೆನ್ನಾಗಿರುತ್ತೆ, ಕೆಲವು ದಿನ ಇರಲ್ಲ ಎಂದಿದ್ದರಂತೆ ಡಾಕ್ಟರು. ಇವತ್ತು ಎಂಥ ದಿನ ಎಂದು ತಿಳಿಯಲು ಮಾಮ ತನ್ನದೇ ದಾರಿ ಹುಡುಕಿಕೊಂಡಿದ್ದ. ವಿಶ್ರಾಂತಿ ಕೋಣೆಯ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿನಲ್ಲಿ ಒಂದು ಕೋಳಿ ಆಟವಿತ್ತು. ಮೇಲೆ ಕೂತ ಕೋಳಿಗಳು ಮೊಟ್ಟೆ ಉದುರಿಸುತ್ತವೆ, ಕೆಳಗೆ ಬುಟ್ಟಿ ಸರಿಸಿ ಹಿಡಿಯಬೇಕು. ಪ್ರತಿದಿನ ಬೆಳಿಗ್ಗೆ ಒಂದು ಆಟ. ಒಂದೆರಡು ಮೊಟ್ಟೆ ಒಡೆದರೆ ಕ್ರೇನ್ ಹತ್ತುತ್ತಿದ್ದ. ಹೆಚ್ಚು ಒಡೆದರೆ "ಹೊಟ್ಟೆ ಸರಿಯಿಲ್ಲ" ಎಂದು ಕ್ರೇನಿನ ಕೀ ಮೇಸ್ತ್ರಿಗೆ ಕೊಟ್ಟು, ಕೆಳಗಿನ ಕೆಲಸಕ್ಕೆ ನಿಲ್ಲುತ್ತಿದ್ದ. ಅವನ ಹೊಟ್ಟೆಯ ಬಗ್ಗೆ ಗೋದಾಮಿನವರೆಲ್ಲ ನಗುತ್ತಿದ್ದರು.

"ಆನೆ ಎತ್ತೋನು ಮೊಟ್ಟೆ ಹಿಡೀತಾ ಕೂತಿದಾನೆ ನೋಡ್ರೋ," ಎಂದು ಮೇಸ್ತ್ರಿ ರೇಗಿಸಿದರೆ, "ಆನೆ ಬಿದ್ರೆ ಎದ್ದು ಹೋಗುತ್ತೆ. ಮೊಟ್ಟೆ ಏಳುತ್ತಾ?" ಎನ್ನುತ್ತಿದ್ದ.

ಒಂದು ಭಾನುವಾರ ಮುಖ್ಯ ಕಚೇರಿಯವರು ಹಳೇ ಕಂಪ್ಯೂಟರುಗಳನ್ನೆಲ್ಲ ಗುಜರಿಗೆ ಸಾಗಿಸಿ, ಹೊಸವನ್ನು ಇಟ್ಟು ಹೋದರು. ನನಗೆ ವಿಷಯ ತಿಳಿದದ್ದು ಮರುದಿನ, ಕಸ ಗುಡಿಸುವ ಅಕ್ಕನಿಂದ. ಉದ್ದನೆಯ ಹೆಸರಿನ ಹುದ್ದೆಯ ಅಧಿಕಾರ ಅಷ್ಟೇ. ಪುಣ್ಯಕ್ಕೆ ಆಟದ ಒಂದು ಪ್ರತಿ ನನ್ನ ಪೆನ್‌ಡ್ರೈವಿನಲ್ಲಿತ್ತು.

"ಯೋಚ್ನೆ ಮಾಡ್ಬೇಡ ಮಾಮ, ಎರಡೇ ನಿಮಿಷ," ಎಂದೆ. ನನ್ನ ಎರಡು ನಿಮಿಷಗಳು ನೆಂಟರಿಷ್ಟರಲ್ಲೆಲ್ಲ ಹೆಸರುವಾಸಿ.

ಆಟ ತೆರೆಯಲೇ ಇಲ್ಲ.

"ಯಾಕೋ?"

"ಇದು ಹಳೇ ಕಾಲದ್ದು ಮಾಮ. ಇದರ ಮಾತು ಹೊಸ ಸಿಸ್ಟಮ್ಮಿಗೆ ಅರ್ಥ ಆಗಲ್ಲ."

"ಹಾಗಾದ್ರೆ ನನ್ನ ಥರಾನೇ ಅನ್ನು."

ಹಳೇ ಯಂತ್ರದ ಹಾಗೆ ನಟಿಸುವ ಇನ್ನೊಂದು ಪ್ರೋಗ್ರಾಂ ತಂದು ಹಾಕಿದೆ. ಕೋಳಿಗಳು ಬಂದವು. ನಾನು ಎದೆಯುಬ್ಬಿಸುವಷ್ಟರಲ್ಲಿ ಮೊಟ್ಟೆಗಳು ಆಲಿಕಲ್ಲಿನಂತೆ ಸುರಿದು, ಬುಟ್ಟಿ ಅಲುಗುವ ಮೊದಲೇ ಆಟ ಮುಗಿಯಿತು. ಮಾಮ ತೆರೆಯನ್ನು ಬಿಟ್ಟು ತನ್ನ ಕೈ ನೋಡಿಕೊಂಡ.

"ಅಯ್ಯೋ, ನಿನ್ನ ಕೈಯಲ್ಲ! ಈ ಆಟಕ್ಕೆ ಸ್ವಂತ ಗಡಿಯಾರ ಇಲ್ಲ. ಯಂತ್ರ ಎಷ್ಟು ಬೇಗ ಕೆಲಸ ಮಾಡುತ್ತೋ ಮೊಟ್ಟೆ ಅಷ್ಟು ಬೇಗ ಬೀಳುತ್ತೆ. ಆಗಿನ ಯಂತ್ರ ಎತ್ತಿನಗಾಡಿ, ಈಗಿನದು ಕುದುರೆ."

"ಕುದುರೆಗೆ ಕಡಿವಾಣ ಹಾಕು ಮತ್ತೆ."

ಹಾಕಿದೆ. ಮೊಟ್ಟೆಗಳು ಹತ್ತಿಯಂತೆ ತೇಲಿ ಬಂದವು, ಒಂದೂ ಒಡೆಯಲಿಲ್ಲ. "ಮಗು ಆಡ್ಸೋ ಹಾಗಿದೆ, ಜಾಸ್ತಿ ಮಾಡು." ಜಾಸ್ತಿ ಮಾಡಿದೆ, ಅರ್ಧಕ್ಕರ್ಧ ಒಡೆದವು.

"ಮೊದಲು ಎಷ್ಟಿತ್ತೋ ಅಷ್ಟಕ್ಕೇ ಇಡೋ."

"ಎಷ್ಟಿತ್ತು ಮಾಮ?"

ಮೊದಲಿನ ವೇಗ ಯಾವುದೆಂದು ಬಲ್ಲದ್ದು ಅವನ ಕೈ ಒಂದೇ. ಆ ಕೈ ನೆಟ್ಟಗಿದೆಯೋ ಇಲ್ಲವೋ ಎಂದು ಹೇಳಬೇಕಾದ್ದು ಆಟ. ಹಳೇ ಕಂಪ್ಯೂಟರ್ ಸಿಕ್ಕರೆ ಅದರ ವೇಗ ತಿಳಿಯಬಹುದೆಂದು ಗುಜರಿ ಅಂಗಡಿಗೆ ಓಡಿದೆ. ಅಂಗಡಿಯವನು ಕಂಪ್ಯೂಟರುಗಳೊಳಗಿಂದ ಬಿಚ್ಚಿ ಹಾಕಿದ ಹಸಿರು ಹಲಗೆಗಳ ರಾಶಿ ತೋರಿಸಿ, "ನಿಮ್ದು ಯಾವುದು, ಆರಿಸ್ಕೊಳ್ಳಿ," ಎಂದ.

ಬಂದವನೇ ನಡುವಿನ ಒಂದು ವೇಗಕ್ಕಿಟ್ಟು, "ಸಿಕ್ತು ಮಾಮ, ಇದೇ," ಎಂದೆ. ಅವನು ಆಡಿದ. ಎರಡೇ ಮೊಟ್ಟೆ ಒಡೆದವು. ನಾನು ಚಪ್ಪಾಳೆ ತಟ್ಟಿದೆ, ನನ್ನದು ಅಂಥ ಬುದ್ಧಿ.

ಮಾಮ ಕಿಟಕಿಯಾಚೆ ನೋಡಿದ. ಕ್ರೇನಿನ ಕೊಕ್ಕೆಯ ಕೆಳಗೆ ಹಮಾಲರು ಹರಟುತ್ತ ನಿಂತಿದ್ದರು.

"ಖಂಡಿತ ಇದೇನಾ?"

"ಇದೇ."

"ಹಾಗಾದ್ರೆ ಇವತ್ತು ಕೊಕ್ಕೆ ಕೆಳಗೆ ನೀನು ನಿಂತ್ಕೋತೀಯಾ?"

ನಿಂತ್ಕೋತೀನಿ ಎಂದು ಬಾಯಿ ತೆರೆದೆ. ಹೊರಬಿದ್ದದ್ದು, "ವೇಗ ಇನ್ನೊಂಚೂರು ನೋಡ್ಲಾ ಮಾಮ?" ಮಾಮ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಭುಜ ತಟ್ಟಿ ಎದ್ದು, ಅಂಗಳ ದಾಟಿ, ಮೇಸ್ತ್ರಿಯ ಅಂಗೈಯಲ್ಲಿ ಕೀ ಇಟ್ಟ.

"ಏನಪ್ಪಾ, ಮತ್ತೆ ಹೊಟ್ಟೆನಾ?" ಎಂದು ಮೇಸ್ತ್ರಿ ನಕ್ಕ.

"ಹೂಂ, ಹೊಟ್ಟೆ."

ಆ ಹೊಟ್ಟೆ ಮತ್ತೆ ಸರಿಹೋಗಲಿಲ್ಲ. ಈಗ ಅವನು ಗೇಟಿನಲ್ಲಿ ಲಾರಿ ಬಂದಾಗ ಅಡ್ಡಗಂಬ ಎತ್ತುತ್ತಾನೆ, ಹೋದಮೇಲೆ ಇಳಿಸುತ್ತಾನೆ. "ಅವರ ಕೈ ನಿಜವಾಗ್ಲೂ ಅಷ್ಟು ಕೆಟ್ಟಿತ್ತೇನೋ?" ಎಂದು ಅತ್ತೆ ಕೇಳುತ್ತಲೇ ಇರುತ್ತಾಳೆ. ನಾನು ಗಂಭೀರ ಮುಖ ಮಾಡಿಕೊಂಡು ಪಕ್ಕದಲ್ಲಿ ನಿಲ್ಲುತ್ತೇನೆ.