ಖೂನಿ ಪೆಟ್ಟಿಗೆಯೂ ಕಾಂಚನವ್ವನ ತುಪ್ಪವೂ

ಇಚಲಕರಂಜಿಯ ಭರತೇಶ ಮಗದುಮ್ಮನ ವಿಡಿಯೋ ಗೇಮ್ ಅಂಗಡಿ ಈ ದೀಪಾವಳಿಗೆ ಮುಚ್ಚುತ್ತದೆಂದು ಗೊತ್ತಾದಾಗ ಅವನ ತಾಯಿ ಕಾಂಚನವ್ವ ಕೇಳಿದ್ದು ಒಂದೇ ಪ್ರಶ್ನೆ.

"ಆ ಖೂನಿ ಪೆಟಗಿ ಎಲ್ಲೆ ಹೋಗತೈತಿ?"

"ಕೊಲ್ಹಾಪುರಕ್ಕ, ಅವ್ವ. ಆಶಿಷ ಅಂತ ಒಬ್ಬಾಂವ ಹೊಸಾ ಗೇಮಿಂಗ್ ಕೆಫೆ ತಗದಾನ. ಹಳೇದು, ಚಂದ ಕಾಣತೈತಿ ಅಂತ ಇಟಗೋತಾನ."

"ಇಟಗೊಳ್ಳಲಿ. ಆದ್ರ ಅಲ್ಲೆ ಸೋತಾಂವನ್ನ ಕೊಂದ್ರ ನಾ ಮತ್ತ ತುಪ್ಪ ಉಣ್ಣೂದು ಬಿಡತೇನಿ."

ಎಂಬತ್ತು ದಾಟಿದ ಅವ್ವ ಈಗ ಉಣ್ಣುವುದೇ ಒಂದು ಹಿಡಿ ಅನ್ನ. ತುಪ್ಪ ಬಿದ್ದರೆ ಮಾತ್ರ ಅದು ಗಂಟಲಲ್ಲಿ ಇಳಿಯುತ್ತದೆ. ಆಕೆ ಬಿಡುತ್ತೇನೆಂದರೆ ಬಿಟ್ಟಂತೆಯೇ. ಹಿಂದೊಮ್ಮೆ ಬಿಟ್ಟಿದ್ದಳು.

ಅದು ತೊಂಬತ್ತರ ದಶಕದ ನಡುವಿನ ಮಾತು. ಪವರ್‌ಲೂಮುಗಳ ಖಟಖಟದ ನಡುವೆ, ಗಲ್ಲಿಯ ತುದಿಯ ಕೋಣೆಯಲ್ಲಿ ಭರತೇಶ ಮೂರು ಪೆಟ್ಟಿಗೆ ಇಟ್ಟು ಅಂಗಡಿ ತೆರೆದಿದ್ದ. ಒಂದರಲ್ಲಿ ಕಾರು, ಒಂದರಲ್ಲಿ ವಿಮಾನ. ಮೂರನೆಯದು ಅಮೆರಿಕದ ಹೊಡೆದಾಟ. ಅದರ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ; ಊರೆಲ್ಲ 'ಖೂನಿ' ಎಂದಿತು. ಬೇರೆ ಆಟಗಳಲ್ಲಿ ಬರೆದ ಗೊಂಬೆಗಳು ಗುದ್ದಾಡುತ್ತಿದ್ದವು. ಇದರಲ್ಲಿ ನಿಜವಾದ ಮನುಷ್ಯರ ಚಿತ್ರ ಹಿಡಿದು ಕುಣಿಸಿದ್ದರು. ಗುದ್ದಿದರೆ ರಕ್ತ ಚಿಮ್ಮುತ್ತಿತ್ತು. ಎರಡು ಸುತ್ತು ಸೋತವನು ನಿಂತಲ್ಲೇ ಜೋಲಿ ಹೊಡೆಯುವಾಗ ಒಳಗಿನಿಂದ ಒಂದು ಒಡಕು ದನಿ ಅವನನ್ನು ಮುಗಿಸೆಂದು ಇಂಗ್ಲಿಷಿನಲ್ಲಿ ಒದರುತ್ತಿತ್ತು. ಸರಿಯಾದ ಬಟನ್‌ಗಳನ್ನು ಸರಿಯಾದ ಕ್ರಮದಲ್ಲಿ ಒತ್ತಿದರೆ ಸೋತವನ ಹೃದಯ ಗೆದ್ದವನ ಕೈಗೆ ಬರುತ್ತಿತ್ತು. ಇಂಥ ಆಟಗಳ ದೆಸೆಯಿಂದ ಅಮೆರಿಕದ ಸಂಸತ್ತಿನಲ್ಲಿ ವಾದ ನಡೆದು, ಎಷ್ಟು ವಯಸ್ಸಿನವರು ಆಡಬಹುದೆಂದು ಡಬ್ಬಿಯ ಮೇಲೆ ಅಚ್ಚು ಹಾಕುವ ಪದ್ಧತಿ ಬಂತು. ಇಚಲಕರಂಜಿಯಲ್ಲಿ ವಾದ ಮಾಡಿದವಳು ಕಾಂಚನವ್ವ.

ಮಧ್ಯಾಹ್ನದ ಊಟದ ಡಬ್ಬಿ ತಂದವಳ ಕಣ್ಣಿಗೆ ಆ ಹೃದಯ ಬಿತ್ತು. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಇನ್ನೊಂದು ಆಟ ಪೂರ್ತಿ ನೋಡಿದಳು.

"ಬಡದಾಡತಾರ, ಇರಲಿ. ಸೋತ ನಿಂತಾಂವನ್ನ ಮತ್ತ್ಯಾಕ ಕೊಲ್ಲತಾರೋ?"

"ಆಟಾನ ಹಂಗ ಐತಿ, ಅವ್ವ."

"ಹಂಗಾರ ಅದು ಹಂಗ ಇರೂತನಕ ನನ್ನ ತಾಟಿನ್ಯಾಗ ತುಪ್ಪ ಇಲ್ಲ."

ಜೈನರ ಮನೆಗಳಲ್ಲಿ ನೇಮ ಹಿಡಿದು ತುಪ್ಪವನ್ನೋ ಉಪ್ಪನ್ನೋ ಬಿಡುವುದು ಹೊಸದಲ್ಲ. ವಿಡಿಯೋ ಗೇಮಿಗಾಗಿ ಬಿಟ್ಟದ್ದು ಮಾತ್ರ ಯಾರೂ ಕೇಳಿರಲಿಲ್ಲ. ಆಕೆಯ ಒಣ ಊಟದ ಎದುರು ಕೂತು ಭರತೇಶನಿಗೆ ತನ್ನ ತುತ್ತು ಇಳಿಯದಾಯಿತು.

ದಾರಿ ತೋರಿಸಿದವನು ಬಸಗೊಂಡ. ನೇಸರಿಯಿಂದ ಬಂದು ಮಗ್ಗ ರಿಪೇರಿ ಮಾಡುತ್ತಿದ್ದ ಅವನು ಖೂನಿಯಲ್ಲಿ ಊರಿಗೇ ಮೊದಲಿಗ, ಜೊತೆಗೆ ಕುಸ್ತಿಯ ಹುಚ್ಚ.

"ಭರತ್ಯಾ, ಬೆನ್ನಿಗೆ ಮಣ್ಣು ಹತ್ತಿದ ಮ್ಯಾಲ ಯಾವ ಪೈಲ್ವಾನ ಹೊಡೀತಾನ? ಚಿತ್ ಅಂದ್ರ ಚಿತ್. ಪೆಟಗಿ ಏನರ ಒದರಲಿ, ಗೆದ್ದಾಂವ ಕೈ ಎತ್ತಿ ನಿಲ್ಲಬೇಕು. ಮುಗೀತು."

ಅದೇ ಅಂಗಡಿಯ ಪದ್ಧತಿಯಾಯಿತು. ಒಡಕು ದನಿ ಕೇಳಿದ ಕೂಡಲೇ ಗೆದ್ದವನು ಎರಡೂ ಕೈ ಮೇಲೆತ್ತಬೇಕು. ಸೋತವನು ಅವನಿಗೆ ಕೈ ಮುಗಿದು "ಚಿತ್ ಆದ್ನಿ" ಎನ್ನಬೇಕು. ಅಷ್ಟರಲ್ಲಿ ಪರದೆಯ ಮೇಲಿನವನು ತಾನಾಗಿ ಬೀಳುತ್ತಿದ್ದ. ಕೊಂದವನಿಗೆ ಆ ದಿನ ಮತ್ತೆ ಆಟವಿಲ್ಲ. ಕೊಲ್ಹಾಪುರದಿಂದ ಬಂದವರು "ಇದೇನು ಅಂಗಡಿನೋ, ಬಸದಿನೋ?" ಎಂದು ನಕ್ಕು ಹೋದರು. ಆದರೂ ಪಾಳಿ ಬಿಟ್ಟ ಹೊತ್ತಿಗೆ ಹತ್ತಿಯ ಎಳೆ ಮೆತ್ತಿದ ಕೈಗಳು ಮೇಲೇಳುವುದನ್ನು ನೋಡಲು ಬಾಗಿಲ ತುಂಬ ಜನ. ಕಣ್ಣು ಮುಚ್ಚಿದರೆ ಭರತೇಶನಿಗೆ ಇಂದಿಗೂ ಕಾಣುವುದು ಆ ಕೈಗಳೇ. ಕಾಂಚನವ್ವನ ತಾಟಿಗೆ ತುಪ್ಪ ಮರಳಿತು.

ಒಂದೆರಡು ವರ್ಷಗಳಲ್ಲಿ ಆಟದ ಮೂರನೆಯ ಭಾಗ ಬಂತು. ಭರತೇಶ ಪೆಟ್ಟಿಗೆಯ ಒಳಗಿನ ಬೋರ್ಡು ಬದಲಿಸಿದ. ಸೋತವನಿಗೆ ದಯೆ ತೋರಿ, ಚೂರು ಜೀವ ಮರಳಿ ಕೊಟ್ಟು, ಮತ್ತೆ ಆಡಿಸುವ ಒಂದು ಉಪಾಯವನ್ನು ಅದರಲ್ಲಿ ಆಟ ಮಾಡಿದವರೇ ಸೇರಿಸಿದ್ದರು. ಓಡಿಹೋಗಿ ಅವ್ವನಿಗೆ ಹೇಳಿದ. ಆಕೆಗೆ ಅಚ್ಚರಿಯೇನೂ ಆಗಲಿಲ್ಲ.

"ತಡಾ ಆತು. ಆದ್ರೂ ತಿಳೀತಲ್ಲ ಅವರಿಗೆ."

ಆಮೇಲೆ ಆಟಗಳು ಮನೆಯ ಟಿವಿಗೆ ಬಂದವು, ಕಿಸೆಯ ಮೊಬೈಲಿಗೂ ಬಂದವು. ಖೂನಿ ಮಾಡಿದ ಕಂಪನಿ ಮುಳುಗಿತು. ಆಟ ಬೇರೆಯವರ ಕೈಯಲ್ಲಿ ಬದುಕಿ, ಎಲುಬು ಮುರಿಯುವುದನ್ನೂ ಮೈಯೊಳಗಿನಿಂದ ತೋರಿಸುವಷ್ಟು ಬೆಳೆಯಿತು. ಭರತೇಶ ಹಳೆಯ ಪೆಟ್ಟಿಗೆಯ ತಂತಿಗಳಿಗೆ ಬೆಸುಗೆ ಹಾಕುತ್ತ ಕೂತ. ಈಗ ಕಟ್ಟಡವನ್ನೇ ಕೆಡವುತ್ತಿದ್ದಾರೆ.

ಪೆಟ್ಟಿಗೆ ಟೆಂಪೋ ಹತ್ತಿತು. ಜೊತೆಗೆ ಭರತೇಶ, ತಲೆ ಪೂರ್ತಿ ನೆರೆತ ಬಸಗೊಂಡ. ಕೊಲ್ಹಾಪುರದ ರಾಜಾರಾಮಪುರಿಯ ಕೆಫೆಯಲ್ಲಿ ಆಶಿಷ ಅದಕ್ಕೆ ಜಾಗ ಮಾಡಿಟ್ಟಿದ್ದ. ಪರದೆ ಬೆಳಗಿದ್ದೇ ಉತ್ಸಾಹದಿಂದ ಕೈ ಉಜ್ಜಿದ.

"ಕಾಕಾ, ಕಡೀ ಹೊಡತ ಒಂದು ತೋರಸ್ರಿ."

"ನನಗ ಬರಂಗಿಲ್ಲಪಾ."

"ಇಷ್ಟ ವರ್ಷ ಅಂಗಡಿ ಇಟ್ಟೀರಿ, ಖೂನಿ ಬರಂಗಿಲ್ಲ?"

"ನಮ್ಮ ಗಲ್ಲ್ಯಾಗ ಈಗ ಯಾರಿಗೂ ಬರಂಗಿಲ್ಲ," ಎಂದ ಬಸಗೊಂಡ.

ಭರತೇಶ ಅವ್ವನ ನೇಮದ ಸಂಗತಿ ಹೇಳಿದ. ಆಶಿಷ ನಕ್ಕ. "ಕಾಯ್ ಕಾಕಾ! ಬರೇ ಗೇಮ್ ಐತ್ರಿ ಇದು." ಯಾವ ಬಟನ್ ಒತ್ತಬೇಕೆಂದು ಮೊಬೈಲಿನಲ್ಲಿ ಹುಡುಕಿಟ್ಟುಕೊಂಡು ಬಸಗೊಂಡನ ಜೊತೆ ಆಟಕ್ಕೆ ನಿಂತ. ಬಸಗೊಂಡನ ಬೆರಳುಗಳಲ್ಲಿ ಹಳೆಯ ಚುರುಕು ಉಳಿದಿರಲಿಲ್ಲ, ಸೋತ. ಒಡಕು ದನಿ ಒದರಿತು. ಆಶಿಷ ಮೊಬೈಲಿನತ್ತ ಬಾಗಿದ. ಪಕ್ಕದಲ್ಲಿ ಬಸಗೊಂಡ ಅಭ್ಯಾಸದಂತೆ ಹಿಂದೆ ಸರಿದು, ನಡು ಬಗ್ಗಿಸಿ, ಆ ತರುಣನಿಗೆ ಕೈ ಮುಗಿದ.

"ಚಿತ್ ಆದ್ನಿ, ಮಾಲಕ್ರ."

"ಅಹೋ ಕಾಕಾ, ಅಸಂ ನಕಾ ಕರೂ, ಹಿಂಗ ಮಾಡಬ್ಯಾಡ್ರಿ! ನನಗ್ಯಾಕ ಕೈ ಮುಗೀತೀರಿ?" ಆಶಿಷ ಗಾಬರಿಯಾಗಿ ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ. ಅಷ್ಟರಲ್ಲಿ ಪರದೆಯ ಮೇಲಿನವನು ತಾನಾಗಿ ಬಿದ್ದ.

ಸೂರ್ಯ ಮುಳುಗುವ ಮುಂಚೆ ಭರತೇಶ ಮನೆಗೆ ಬಂದ. ಕತ್ತಲಾದ ಮೇಲೆ ಉಣ್ಣದ ಕಾಂಚನವ್ವ ತಾಟಿನ ಮುಂದೆ ಕೂತಿದ್ದಳು. ತುಪ್ಪದ ಬಟ್ಟಲಿಗೆ ಮುಚ್ಚಳ ಹಾಗೆಯೇ ಇತ್ತು.

"ಕೊಂದ್ರೇನು?"

"ಇವತ್ತ ಇಲ್ಲ, ಅವ್ವ."

"ನಾಳೆ?"

"ನಾಳಿದು ನನಗ ಗೊತ್ತಿಲ್ಲ."

ಆಕೆ ಮುಚ್ಚಳ ತೆಗೆದಳು. "ಹಂಗಾರ ಇವತ್ತಿಂದು ಉಣ್ಣತೇನಿ. ನಾಳೆ ಊಟದಕಿಂತ ಮೊದಲ ಫೋನ್ ಹಚ್ಚಿ ಕೇಳು."

ಮರುದಿನ ಸಂಜೆ ಊಟದ ಹೊತ್ತಿಗೆ ಭರತೇಶ ಫೋನು ಹಚ್ಚಿದ. ಆಶಿಷ ಸುಳ್ಳು ಹೇಳಲಿಲ್ಲ. "ಮಧ್ಯಾಹ್ನ ಒಬ್ಬಾಂವ ಕಡೀ ಹೊಡತ ಹೊಡದಾನ್ರಿ, ಕಾಕಾ." ಕಾಂಚನವ್ವ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆಶಿಷ ಫೋನು ಇಟ್ಟಿರಲಿಲ್ಲ.

"ಅಜ್ಜಿ ಉಂಡ್ರೇನ್ರಿ?"

"ಎರಡ ತುತ್ತು ಉಂಡು ಎದ್ಲು."

ಈ ಸಲ 'ಬರೇ ಗೇಮ್' ಎನ್ನದೆ ಆಶಿಷ ಫೋನು ಇಟ್ಟ.

ಅದರ ಮರುದಿನ ಭರತೇಶ ಕೇಳುವ ಮೊದಲೇ ಮೊಬೈಲಿಗೆ ಒಂದು ಫೋಟೋ ಬಂತು. ಖೂನಿ ಪೆಟ್ಟಿಗೆಯ ಹಣೆಗೆ ರಟ್ಟು ಅಂಟಿಸಿದ್ದರು. ಮೇಲೆ ಮರಾಠಿಯಲ್ಲಿ: 'ಹರಲೇಲ್ಯಾಲಾ ಸೋಡಾ. ಆಜೀಚ್ಯಾ ತುಪಾಚಾ ಪ್ರಶ್ನ ಆಹೇ.' ಸೋತವನನ್ನು ಬಿಡಿ, ಅಜ್ಜಿಯ ತುಪ್ಪದ ಪ್ರಶ್ನೆ. ಅದರ ಕೆಳಗೆ ಕಾಲೇಜು ಹುಡುಗರಿಬ್ಬರು. ಒಬ್ಬ ಕೈ ಮುಗಿದಿದ್ದ, ಇನ್ನೊಬ್ಬ ಕೈ ಎತ್ತಿದ್ದ.

ಕಾಂಚನವ್ವ ಮೊಬೈಲನ್ನು ದೂರ ಹಿಡಿದು ಬಹಳ ಹೊತ್ತು ನೋಡಿದಳು.

"ಗೆದ್ದಾಂವಂದು ಒಂದ ಕೈ ಸರಿಯಾಗಿ ಎದ್ದಿಲ್ಲ," ಎನ್ನುತ್ತ ತುಪ್ಪದ ಮುಚ್ಚಳ ತೆಗೆದಳು.