ಶಾಂತಕ್ಕ ಹೇಳಿದ ಬಾರ್ಲಿ ನೀರು

ಮುಂಬೈಯ ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ. ಆದ್ದರಿಂದ ಡೊಂಬಿವಲಿಯಲ್ಲಿ ಹತ್ತುವ ನಾವು ಹೆಂಗಸರು ಬೆಳಿಗ್ಗೆ ನೀರು ಕುಡಿಯುವುದಿಲ್ಲ. ಉರಿಮೂತ್ರ ನಮ್ಮ ಹೆಂಗಸರ ಬೋಗಿಯಲ್ಲಿ ನೆಗಡಿಯಷ್ಟೇ ಸಾಮಾನ್ಯ.

ಆ ದಿನ ಪಕ್ಕದಲ್ಲಿ ಕೂತ ಅಪರಿಚಿತ ಹುಡುಗಿ, ತನಗೆ ಉರಿಮೂತ್ರ ಮತ್ತೆ ಮತ್ತೆ ಬರುತ್ತಿದೆ ಎಂದಳು. ಮೆಡಿಕಲ್ ಅಂಗಡಿಯವನು ಕೊಟ್ಟ ಮಾತ್ರೆಗೆ ಹೋಗುತ್ತದಂತೆ, ಆಮೇಲೆ ಬರುತ್ತದಂತೆ. ಎದುರು ಸೀಟಿನಲ್ಲಿದ್ದ ಉಡುಪಿ ಕಡೆಯ ಶಾಂತಕ್ಕ ಬಾರ್ಲಿ ನೀರು ಕುಡಿಯಲು ಹೇಳಿದರು.

"ರಕ್ತ ಕಂಡಿದೆಯಾ?" ಎಂದು ನಾನು ಕೇಳಿದೆ.

"ಒಮ್ಮೆ. ಉಷ್ಣಕ್ಕೆ ಇರಬೇಕು, ಆಂಟಿ."

"ನನ್ನ ಅಕ್ಕನೂ ಉಷ್ಣ ಎಂದೇ ಬಾರ್ಲಿ ಕುಡಿದಳು. ಮೂತ್ರಕೋಶದ ಕ್ಯಾನ್ಸರ್ ಆಗಿತ್ತು. ಹೋದ ಮಳೆಗಾಲದಲ್ಲಿ ತೀರಿಕೊಂಡಳು."

ಶಾಂತಕ್ಕ ರೇಗಿದರು. "ಎಂತ ಟೀಚರೇ, ಬೆಳಿಗ್ಗೆ ಬೆಳಿಗ್ಗೆ ಮಗುವನ್ನು ಹೆದರಿಸ್ತೀರಲ್ಲ ಮಾರಾಯ್ರೆ!"

ಹೆಚ್ಚಿನವರಿಗೆ ಅದು ಬರೀ ಸೋಂಕೇ ಎಂದು ನಾನು ವಿವರಿಸಿದೆ. ಆದರೆ ಮತ್ತೆ ಮತ್ತೆ ಬಂದರೆ, ರಕ್ತ ಕಂಡರೆ, ಯೂರಾಲಜಿಸ್ಟ್‌ಗೆ, ಅಂದರೆ ಮೂತ್ರಕೋಶದ ಡಾಕ್ಟರಿಗೆ, ತೋರಿಸಿ ಖಚಿತ ಮಾಡಿಕೊಳ್ಳಬೇಕು. ಹುಡುಗಿ ಅಲ್ಲಿಂದಲೇ ಆಫೀಸಿಗೆ ಫೋನ್ ಮಾಡಿ ಮಧ್ಯಾಹ್ನದ ರಜೆ ಕೇಳಿದಳು.

ಥಾಣೆ ನಿಲ್ದಾಣದಲ್ಲಿ ಇಳಿಯಲು ಬಾಗಿಲ ಬಳಿ ನಿಂತಾಗ ಶಾಂತಕ್ಕ ಜನರನ್ನು ಸರಿಸಿಕೊಂಡು ನನ್ನ ಹಿಂದೆ ಬಂದರು. ಇನ್ನೂ ಬೈಯುವುದು ಬಾಕಿಯಿದೆ ಎಂದುಕೊಂಡೆ.

"ಆ ಡಾಕ್ಟರು ನನ್ನ ಪ್ರಾಯದ ಹೆಂಗಸರನ್ನೂ ನೋಡ್ತಾರಾ?" ಎಂದು ಪಿಸುಗುಟ್ಟಿದರು. "ನನಗಲ್ಲ. ನಮ್ಮ ಪೈಕಿಯ ಒಬ್ಬರಿಗೆ."

ನೋಡುತ್ತಾರೆ, ಶನಿವಾರ ನಿಮ್ಮವರ ಜೊತೆ ಆಸ್ಪತ್ರೆಗೆ ನಾನೂ ಬರುತ್ತೇನೆ ಎಂದೆ.

ಶನಿವಾರ ಆಸ್ಪತ್ರೆಯ ಬಾಗಿಲಿಗೆ ಶಾಂತಕ್ಕ ಒಬ್ಬರೇ ಬಂದರು. ಅವರ ಪೈಕಿಯವರು ಎಲ್ಲಿ ಎಂದು ನಾನು ಕೇಳಲಿಲ್ಲ.