ಸೆಲ್ವಿ ಸಿಸ್ಟರ್ ಕೊಡುವ ವಾಯಿದೆ

ನಮ್ಮ ಬಂಗಾರಪೇಟೆಯ ಹೆರಿಗೆ ವಾರ್ಡಿನ ಸೆಲ್ವಿ ಸಿಸ್ಟರಿಗೆ ಅವಸರ ಅಂದರೆ ಆಗದು. ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುವ ಮಾರಿಕುಪ್ಪಂ ರೈಲಿನಲ್ಲಿ ಇಪ್ಪತ್ತು ವರ್ಷದಿಂದ ಊರಿಗಾಂನಿಂದ ಓಡಾಡುವ ಹೆಂಗಸಿಗೆ ಅವಸರ ಎಲ್ಲಿಂದ ಬಂದೀತು? ಬಸುರಿಯ ಜೊತೆ ಬರುವವರು ಮಾತ್ರ ಪಂಚಾಂಗ ಹಿಡಿದೇ ಬರುತ್ತಾರೆ. "ನಾಳೀಕೆ ಮೂಲಾ ನಕ್ಷತ್ರ ಸಿಸ್ಟ್ರಮ್ಮ, ನನ್ ಸೊಸೇಗೆ ಇವತ್ತೇ ನೋವು ಬರೋ ಸೂಜಿ ಆಕ್ಬಿಡಿ" ಎನ್ನುತ್ತಾರೆ ಬೂದಿಕೋಟೆಯ ಜಯರಾಮಪ್ಪನಂಥವರು. ಸಿಸ್ಟರ್ ಸೊಸೆಯ ಹೊಟ್ಟೆಗೆ ಕೊಳವೆಯಿಟ್ಟು, ಕಣ್ಣು ಮುಚ್ಚಿ ಮಗುವಿನ ಎದೆಬಡಿತ ಎಣಿಸಿ, "ಒಳಗಿರೋರು ಪಂಚಾಂಗ ಓದಿಲ್ಲ ತಾತ, ಆರಾಮಾಗಿದ್ದಾರೆ. ನೀವು ಹೋಗಿ ಕಾಫಿ ಕುಡೀರಿ" ಎನ್ನುತ್ತಾರೆ. ಆಷಾಢಕ್ಕೂ ಅದೇ ಕಾಫಿ, ಗ್ರಹಣಕ್ಕೂ ಅದೇ ಕಾಫಿ. ಒಮ್ಮೆ ಸೂಜಿಗೆ ಅವಸರಪಟ್ಟ ಹೊಸ ಡಾಕ್ಟರಿಗೂ ಅದೇ ಕಾಫಿ ಕುಡಿಸಿದ್ದುಂಟು. ಆದರೆ ಹೆರಿಗೆಗೆ ಕೊಟ್ಟ ಡೇಟು ದಾಟಿ ಒಂದು ವಾರವಾಯಿತೋ, ಇದೇ ಸಿಸ್ಟರ್ ಡಾಕ್ಟರಿಗೆ ಮೂರು ಸಲ ಫೋನು ಮಾಡಿ ಅಪ್ಪಣೆ ಪಡೆದು, ನೋವು ಬರಿಸುವ ಡ್ರಿಪ್ಪಿನ ಸ್ಟ್ಯಾಂಡನ್ನು ತಾವೇ ತಳ್ಳಿಕೊಂಡು ಬರುತ್ತಾರೆ. "ಇವತ್ತು ಅಮಾಸೆ ಕಣಮ್ಮ, ನಾಳೀಕೆ ಆಕಿ" ಎಂದು ಅದೇ ಜಯರಾಮಪ್ಪ ಅಡ್ಡ ಬಂದರೆ ಈ ಸಲ ಕಾಫಿಯ ಮಾತಿಲ್ಲ. ತಮ್ಮ ಕೈಚೀಲದಿಂದ ಮಾಸಿದ ತಾಯಿ ಕಾರ್ಡೊಂದನ್ನು ತೆಗೆದು ಅವರ ಕೈಗಿಡುತ್ತಾರೆ. ತಾಯಿಯ ಹೆಸರು ಸೆಲ್ವಿ. ಕೊಟ್ಟ ಡೇಟಿಗೂ ಹೆರಿಗೆಯಾದ ಡೇಟಿಗೂ ನಡುವೆ ಹದಿನೇಳು ದಿನ. ಮಗುವಿಗೆ ಲಸಿಕೆ ಹಾಕಿದ್ದು ಬರೆಯುವ ಪುಟದಲ್ಲಿ, ಹುಟ್ಟಿದ ದಿನದ್ದೂ ಸೇರಿ, ಏನೂ ಬರೆದಿಲ್ಲ.